ಬಿ.ಕಾಂ. ಓದಿದವಳು 29ನೇ ವಯಸ್ಸಿನಲ್ಲಿ ನರ್ಸಿಂಗ್ ಸೇರಬಹುದೇ? ತಿಳಿದವರು ಹೇಳಿ

ಬಿಲ್ಲಿಂಗ್ ಕೌಂಟರ್ (ತುಮಕೂರು)

ಎಲ್ಲರಿಗೂ ನಮಸ್ಕಾರ. ನನಗೆ 29 ವರ್ಷ. ಪಿಯುಸಿಯಲ್ಲಿ ವಾಣಿಜ್ಯ ವಿಭಾಗ, ಆಮೇಲೆ ತುಮಕೂರಿನಲ್ಲೇ ಬಿ.ಕಾಂ. ಒಂದು ವರ್ಷ ಆಡಿಟರ್ ಕಚೇರಿಯಲ್ಲಿ ಲೆಕ್ಕ ಬರೆದೆ. ಆರು ವರ್ಷಗಳಿಂದ ಇಲ್ಲಿನ ಒಂದು ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದಲ್ಲಿದ್ದೇನೆ. ನರ್ಸಿಂಗ್ ಓದಬೇಕೆಂದು ನಿರ್ಧರಿಸಿದ್ದೇನೆ, ಆದರೆ ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ.

ಬಿಲ್ಲಿನಲ್ಲಿ ಬರುವ ಪ್ರತಿ ಸಾಮಾನಿನ ದರ ನನಗೆ ಬಾಯಿಪಾಠ. ಡ್ರಿಪ್ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ ಕ್ಯಾನುಲಾ: ಹಸಿರು, ಗುಲಾಬಿ, ನೀಲಿ, ಹಳದಿ. ಯಾವುದಕ್ಕೆ ಎಷ್ಟು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಯಾರಿಗೆ ಯಾವ ಬಣ್ಣದ್ದು ಹಾಕುತ್ತಾರೆ, ಏಕೆ ಹಾಕುತ್ತಾರೆ ಎಂಬುದು ಮಾತ್ರ ಗೊತ್ತಿಲ್ಲ. ಎರಡು ತಿಂಗಳ ಹಿಂದೆ ಒಂದು ರಾತ್ರಿ ಫೈಲ್‌ಗೆ ಸಹಿ ಬೇಕಾಗಿತ್ತು, ವಾರ್ಡಿಗೆ ಹೋದೆ. ಸಿಸ್ಟರ್ ಕೈಗಡಿಯಾರವನ್ನು ಡ್ರಿಪ್‌ನ ಪಕ್ಕಕ್ಕೆ ಎತ್ತಿ ಹಿಡಿದು ನಿಂತಿದ್ದರು. ನಾನು ಕರೆದರೂ ತಿರುಗಲಿಲ್ಲ. ಹಾಸಿಗೆಯಲ್ಲಿದ್ದ ಅಜ್ಜಿ "ನೀರು ಮುಗಿಯಿತೇನಮ್ಮ?" ಎಂದು ಕೇಳಿದರು. ಸಿಸ್ಟರ್ ಎಡಗೈಯಿಂದ ಅಜ್ಜಿಯ ಮೊಣಕೈಯನ್ನು ಮೆಲ್ಲನೆ ಒತ್ತಿದರು, ತುಟಿ ಮಾತ್ರ ಎಣಿಸುತ್ತಲೇ ಇತ್ತು. ನಿಮಿಷ ಮುಗಿದ ಮೇಲೆ ಡ್ರಿಪ್ ಕೊಳವೆಯ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ನನ್ನ ಕಡೆ ನೋಡಿದರು. ಅಂದಿನಿಂದ ಕೌಂಟರಿನ ಗಾಜಿನ ಹಿಂದೆ ಕುಳಿತರೆ ಮನಸ್ಸು ಮೇಲಿನ ಮಹಡಿಯಲ್ಲಿರುತ್ತದೆ.

ನಮ್ಮ ತಂದೆ ಇಲ್ಲಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿದ್ದವರು. ಅದು ಮುಚ್ಚಿದ ಮೇಲೆ ಚಿಕ್ಕದೊಂದು ದಿನಸಿ ಅಂಗಡಿ ಇಟ್ಟುಕೊಂಡಿದ್ದಾರೆ. ತಮ್ಮ ಡಿಪ್ಲೊಮಾ ಓದುತ್ತಿದ್ದಾನೆ. ನನ್ನ ಸಂಬಳ 19,000 ರೂಪಾಯಿ, ಉಳಿತಾಯ ಎರಡೂವರೆ ಲಕ್ಷ.

ಕೇಳಬೇಕಾದದ್ದು ಇಷ್ಟು. ವಿಜ್ಞಾನ ಓದದೆ ಸೇರಲು ಸಾಧ್ಯವೇ? ಪದವಿ ಇರುವುದರಿಂದ ಅವಧಿ ಕಡಿಮೆಯಾಗುತ್ತದೆಯೇ? ಒಬ್ಬ ಏಜೆಂಟರು "ಪದವೀಧರರಿಗೆ ಆರು ತಿಂಗಳ ನರ್ಸಿಂಗ್ ಕೋರ್ಸ್, ಕೆಲಸ ಗ್ಯಾರಂಟಿ" ಎನ್ನುತ್ತಿದ್ದಾರೆ. ನಂಬಬಹುದೇ?

ರಾತ್ರಿಪಾಳಿ (ಕೋಲಾರ)

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ ತಂಗಿ, ಏಕೆಂದರೆ ಅಲ್ಲಿ ನಿಮ್ಮ ಹಣ ಮುಳುಗುವ ಅಪಾಯವಿದೆ. ಆರು ತಿಂಗಳಲ್ಲಿ ಯಾರೂ ನರ್ಸ್ ಆಗುವುದಿಲ್ಲ. ಅಂಥ ಕೋರ್ಸ್ ಮಾಡಿದವರು ರೋಗಿಯ ಆರೈಕೆ ಸಹಾಯಕರಾಗಬಹುದು. ಅದೂ ಗೌರವದ ಕೆಲಸವೇ, ಅವರಿಲ್ಲದೆ ನಮ್ಮ ವಾರ್ಡ್ ಒಂದು ದಿನವೂ ನಡೆಯುವುದಿಲ್ಲ. ಆದರೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಅವರಿಗೆ ನೋಂದಣಿ ಸಿಗುವುದಿಲ್ಲ. ನೋಂದಣಿ ಇಲ್ಲದವರು ಶುಶ್ರೂಷಾಧಿಕಾರಿ ಹುದ್ದೆಗೆ ಅರ್ಜಿಯನ್ನೇ ಹಾಕುವಂತಿಲ್ಲ. ಸಹಾಯಕರ ಕೋರ್ಸನ್ನು ನರ್ಸಿಂಗ್ ಎಂದು ಹೇಳಿ ಮಾರುವವರ ಮೇಲೆ ನನಗೆ ವಿಪರೀತ ಸಿಟ್ಟಿದೆ. ನಮ್ಮ ಕಡೆಯ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳು ಓಲೆ ಒತ್ತೆಯಿಟ್ಟು ಆ ಹಣ ಕಟ್ಟಿ, ಆಮೇಲೆ ಅತ್ತದ್ದನ್ನು ನೋಡಿದ್ದೇನೆ.

ಈಗ ಸರಿಯಾದ ದಾರಿ. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಂತೆ ಜಿಎನ್ಎಂ, ಅಂದರೆ ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾಗೆ, ಪಿಯುಸಿ ಯಾವ ವಿಭಾಗದಲ್ಲಾದರೂ ನಡೆಯುತ್ತದೆ. ಇಂಗ್ಲಿಷ್ ಒಂದು ವಿಷಯವಾಗಿರಬೇಕು, ಒಟ್ಟು ಶೇ. 40 ಅಂಕ ಬೇಕು, ವಯಸ್ಸು 17ರಿಂದ 35ರ ಒಳಗಿರಬೇಕು. ವಾಣಿಜ್ಯ ಓದಿದ ನಿಮಗೆ ಬಾಗಿಲು ತೆರೆದೇ ಇದೆ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗೆ ಮಾತ್ರ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಲೇಬೇಕು, ಅವುಗಳಲ್ಲಿ ಶೇ. 45 ಬೇಕು. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಆ ವಿಷಯಗಳನ್ನು ಓದಿಕೊಂಡು ಬರಬಹುದು, ಆದರೆ ಅದಕ್ಕೆ ಬೇರೆ ಸಮಯ ಬೇಕು. ನಿಮ್ಮ ವಯಸ್ಸಿಗೆ ಜಿಎನ್ಎಂ ಮುಗಿಸಿ, ಮುಂದೆ ಅನುಕೂಲವಾದರೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡುವುದೇ ಸರಿ ಎಂದು ನನ್ನ ಅಭಿಪ್ರಾಯ.

ನಿಮ್ಮ ಬಿ.ಕಾಂ. ಇಲ್ಲಿ ಒಂದು ದಿನವನ್ನೂ ಕಡಿಮೆ ಮಾಡುವುದಿಲ್ಲ. 17 ವರ್ಷದ ಹುಡುಗಿಯ ಪಕ್ಕ ಅದೇ ಬೆಂಚಿನಲ್ಲಿ ಮೊದಲ ಪಾಠದಿಂದ ಕೂರಬೇಕು.

ನಾನು 19 ವರ್ಷಗಳಿಂದ ಈ ಕೆಲಸದಲ್ಲಿದ್ದೇನೆ. ರಾತ್ರಿ ಎಂಟಕ್ಕೆ ಹೋದರೆ ಬೆಳಿಗ್ಗೆ ಎಂಟರವರೆಗೆ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬರು, ಉಳಿದ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು ನರ್ಸ್ ಇರಬೇಕೆಂಬುದು ಪರಿಷತ್ತಿನ ಮಾನದಂಡ. ಒಬ್ಬಳೇ ಇಪ್ಪತ್ತು ಹಾಸಿಗೆ ನೋಡಿಕೊಂಡ ರಾತ್ರಿಗಳು ನನ್ನ ಲೆಕ್ಕಕ್ಕೇ ಸಿಗುವುದಿಲ್ಲ. ಎದ್ದು ತಿರುಗಾಡಲಾರದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ನಾನು ಬದಲಿಸಿ ಬದಲಿಸಿ ನನ್ನ ಸೊಂಟ ಹಿಡಿದಿದೆ. ಇದನ್ನೂ ತಿಳಿದುಕೊಂಡು ಬನ್ನಿ.

ಹಿಪ್ಪುನೇರಳೆ (ಶಿಡ್ಲಘಟ್ಟ)

ಅಕ್ಕ ಹೇಳಿದ ದಾರಿಯಲ್ಲೇ ಬಂದವನು ನಾನು. ಇತಿಹಾಸದಲ್ಲಿ ಎಂ.ಎ. ಮಾಡಿ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷ ಪಾಠ ಹೇಳಿದೆ. 31ಕ್ಕೆ ಜಿಎನ್ಎಂ ಸೇರಿದೆ, ಈಗ 36. ಚಿಕ್ಕಬಳ್ಳಾಪುರದ ಆಸ್ಪತ್ರೆಯೊಂದರಲ್ಲಿ ತುರ್ತು ಚಿಕಿತ್ಸಾ ವಿಭಾಗದಲ್ಲಿದ್ದೇನೆ.

ಮೊದಲ ಆರು ತಿಂಗಳು ಭಾಷೆಯೇ ದೊಡ್ಡ ಬೆಟ್ಟವಾಗಿತ್ತು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು, ಎಂ.ಎ. ಪರೀಕ್ಷೆಯನ್ನೂ ಕನ್ನಡದಲ್ಲೇ ಬರೆದವನು. ಇಲ್ಲಿ ಪುಸ್ತಕ, ಪರೀಕ್ಷೆ ಎಲ್ಲವೂ ಇಂಗ್ಲಿಷ್. ನಾನು ಪದಗಳನ್ನು ಒಡೆದು ಚೀಟಿಗಳಲ್ಲಿ ಬರೆದುಕೊಂಡೆ. ಕೊನೆಯಲ್ಲಿ 'ಐಟಿಸ್' ಬಂದರೆ ಉರಿಯೂತ, ಮೊದಲಲ್ಲಿ 'ಹೈಪೋ' ಬಂದರೆ ಕಡಿಮೆ, 'ಹೈಪರ್' ಬಂದರೆ ಹೆಚ್ಚು, 'ಎಮಿಯಾ' ಎಂದರೆ ರಕ್ತದ ಸಂಗತಿ. ಇಂಥ ನೂರು ತುಂಡುಗಳು ಕೈಗೆ ಬಂದ ಮೇಲೆ ಸಾವಿರ ಪದ ತಾವಾಗಿಯೇ ಬಿಡಿಸಿಕೊಂಡವು. ಶಾಸನ ಓದುವಾಗ ಸಮಾಸ ಬಿಡಿಸುತ್ತಿದ್ದ ಅಭ್ಯಾಸ ನನಗೆ ಅಲ್ಲಿ ಒದಗಿ ಬಂತು. ಸಹಪಾಠಿಗಳು ಮೊದಮೊದಲು 'ಸರ್' ಎನ್ನುತ್ತಿದ್ದರು, ಎರಡನೇ ವರ್ಷದಲ್ಲಿ 'ಅಣ್ಣ' ಎಂದರು. ಈಗ ರೋಗಿಗಳು 'ಬ್ರದರ್' ಎನ್ನುತ್ತಾರೆ.

ವಯಸ್ಸಾಗಿ ಬಂದವರಿಗೆ ಏನು ದಕ್ಕುತ್ತದೆ ಎಂದು ಕೇಳುವವರಿಗಾಗಿ ಒಂದು ಘಟನೆ. ಎರಡನೇ ವರ್ಷದಲ್ಲಿ ವಾರ್ಡಿನಲ್ಲಿದ್ದಾಗ ರೇಷ್ಮೆ ನೂಲು ಬಿಚ್ಚಾಣಿಕೆಯ ಕೆಲಸ ಮಾಡುವ ಹೆಂಗಸೊಬ್ಬರು ಉಸಿರಾಟದ ತೊಂದರೆಯಿಂದ ಬಂದರು. ರಕ್ತದ ಆಮ್ಲಜನಕ ನೋಡುವ ಕ್ಲಿಪ್ಪನ್ನು ಬೆರಳಿಗೆ ಹಾಕಿದರೆ ಅಂಕಿ ನಿಲ್ಲುತ್ತಿಲ್ಲ. 70 ಎನ್ನುತ್ತದೆ, ಮರುಕ್ಷಣ ಖಾಲಿ ಗೆರೆ ತೋರಿಸುತ್ತದೆ. ನನ್ನ ಜತೆಯ ಹುಡುಗಿ ಗಾಬರಿಯಾಗಿ ಡಾಕ್ಟರನ್ನು ಕರೆಯಲು ಓಡಿದಳು. ಓಡಿದ್ದು ಸರಿಯೇ. ನಾನು ಕೈ ನೋಡಿದೆ. ಗೂಡು ಬೇಯುವ ಬಿಸಿನೀರಿನಲ್ಲಿ ವರ್ಷಗಟ್ಟಲೆ ಅದ್ದಿ ಬೆರಳ ತುದಿಯ ಚರ್ಮ ದಪ್ಪವಾಗಿ ಬಿಳಿಚಿತ್ತು, ಮುಟ್ಟಿದರೆ ತಣ್ಣಗಿತ್ತು. ನಮ್ಮ ತಾಯಿಯ ಬೆರಳುಗಳೂ ಹಾಗೆಯೇ ಇದ್ದವು. ಕೈ ತಣ್ಣಗಾಗಿ ರಕ್ತ ಸರಿಯಾಗಿ ಹರಿಯದಿದ್ದರೆ ಆ ಕ್ಲಿಪ್ ತಪ್ಪು ತೋರಿಸುತ್ತದೆ ಎಂದು ಓದಿದ್ದು ನೆನಪಾಯಿತು. ಎರಡೂ ಅಂಗೈ ನಡುವೆ ಅವರ ಕೈಯನ್ನು ಇಟ್ಟು ಉಜ್ಜಿದೆ, ಇನ್‌ಚಾರ್ಜ್ ಸಿಸ್ಟರ್ ಬಂದು ಕ್ಲಿಪ್ಪನ್ನು ಕಿವಿಯ ಹಾಲೆಗೆ ಹಾಕಲು ಹೇಳಿದರು. 91ಕ್ಕೆ ನಿಂತಿತು. ಅದೂ ಕಡಿಮೆಯೇ, ಆಮ್ಲಜನಕ ಕೊಟ್ಟರು. ಆದರೆ 70ಕ್ಕೂ 91ಕ್ಕೂ ಮಾಡುವ ಚಿಕಿತ್ಸೆ ಬೇರೆ. ಪುಸ್ತಕ ಆ ಹುಡುಗಿಗೂ ಗೊತ್ತಿತ್ತು. ಕೈ ನನಗೆ ಗೊತ್ತಿತ್ತು.

ಮಧುಗಿರಿ ಓದುಗ

ನನಗೆ 37. ಬಿ.ಎ. ಮುಗಿಸಿದ್ದೇನೆ. ನನಗೂ ಅವಕಾಶವಿದೆಯೇ?

ರಾತ್ರಿಪಾಳಿ (ಕೋಲಾರ)

ಜಿಎನ್ಎಂಗೆ 35ರ ಮಿತಿ ದಾಟಿದೆ ಅಣ್ಣ. ಈಗಾಗಲೇ ಎಎನ್ಎಂ, ಅಂದರೆ ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ಕೋರ್ಸ್, ಮಾಡಿರುವ ಹೆಣ್ಣುಮಕ್ಕಳಿಗೆ ಮಾತ್ರ ಜಿಎನ್ಎಂ ಸೇರಲು ವಯಸ್ಸಿನ ಮಿತಿ ಇಲ್ಲ. ಬೇಸರವಾಗುತ್ತದೆ ಎಂದು ಗೊತ್ತು, ಆದರೆ "ವಯಸ್ಸು ಸರಿಮಾಡಿಸುತ್ತೇವೆ" ಎನ್ನುವವರ ಕೈಗೆ ಹಣ ಕೊಡಬೇಡಿ.

ನಂದಿ ತಪ್ಪಲು (ಈಗ ಅಮೆರಿಕ)

ಚಿಕ್ಕಬಳ್ಳಾಪುರದ ಹುಡುಗಿ ನಾನು, ಮದುವೆಯಾಗಿ ಇಲ್ಲಿಗೆ ಬಂದೆ. ಊರಿನಲ್ಲಿ ಮಾಡಿದ್ದು ಕಂಪ್ಯೂಟರ್ ಎಂಜಿನಿಯರಿಂಗ್. ಪದವಿ ಇರುವವರಿಗೆ ಅವಧಿ ಕಡಿಮೆಯೇ ಎಂಬ ಪ್ರಶ್ನೆ ನೋಡಿ ಬರೆಯುತ್ತಿದ್ದೇನೆ, ಏಕೆಂದರೆ ಈ ಗೊಂದಲ ಹುಟ್ಟುವುದೇ ಇಲ್ಲಿನ ಪದ್ಧತಿಯಿಂದ. ಅಮೆರಿಕದಲ್ಲಿ ಬೇರೆ ಯಾವುದೇ ಪದವಿ ಮುಗಿಸಿದವರಿಗಾಗಿಯೇ ವೇಗದ ಬಿ.ಎಸ್ಸಿ. ನರ್ಸಿಂಗ್ ಇದೆ. ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ 1971ರಲ್ಲೇ ಇದನ್ನು ಆರಂಭಿಸಿತು. ಸಾಮಾನ್ಯವಾಗಿ 12ರಿಂದ 18 ತಿಂಗಳು. ನನಗೆ 16 ತಿಂಗಳು ಹಿಡಿಯಿತು. ಬ್ರಿಟನ್ನಿನಲ್ಲೂ ಪದವೀಧರರಿಗೆ ಎರಡು ವರ್ಷದ ಸ್ನಾತಕೋತ್ತರ ದಾರಿ ಇದೆ.

ಆದರೆ '16 ತಿಂಗಳು' ಎಂಬ ಮಾತಿಗೆ ಮರುಳಾಗಬೇಡಿ. ಸೇರುವ ಮೊದಲೇ ಅಂಗರಚನೆ ಮತ್ತು ಶರೀರಕ್ರಿಯೆ, ಸೂಕ್ಷ್ಮಜೀವಿ ವಿಜ್ಞಾನ, ರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರಗಳನ್ನು ಪ್ರಯೋಗಾಲಯ ಸಹಿತ ಪಾಸು ಮಾಡಿಕೊಂಡಿರಬೇಕಿತ್ತು. ನನ್ನ ಎಂಜಿನಿಯರಿಂಗ್‌ನಲ್ಲಿ ಜೀವಶಾಸ್ತ್ರದ ಗಂಧವೂ ಇರಲಿಲ್ಲ. ಅದಕ್ಕೇ ಒಂದೂವರೆ ವರ್ಷ ಹೋಯಿತು. ಕೂಡಿಸಿ ನೋಡಿ, ನಿಮ್ಮ ಜಿಎನ್ಎಂಗೆ ಹಿಡಿಯುವ ಮೂರು ವರ್ಷವೇ ಆಯಿತು. ಓದುವಾಗ ಬೇರೆ ಕೆಲಸಕ್ಕೆ ಬಿಡುವೇ ಇರಲಿಲ್ಲ, ಶುಲ್ಕಕ್ಕೆ ಮಾಡಿದ ಸಾಲ ಇನ್ನೂ ತೀರುತ್ತಿದೆ. ಮುಗಿದ ಮೇಲೆ ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾದರೆ ಮಾತ್ರ ಪರವಾನಗಿ.

ಊರಿನಲ್ಲಿ ಓದಿ ಮುಂದೆ ಹೊರದೇಶಕ್ಕೆ ಬರುವ ಯೋಚನೆ ಇದ್ದರೆ ಒಂದು ಮಾತು. ವೈದ್ಯಕೀಯ ಮತ್ತು ಶಸ್ತ್ರಚಿಕಿತ್ಸೆ, ಹೆರಿಗೆ, ಮಕ್ಕಳ ವಿಭಾಗ, ಮನೋರೋಗ ಇಷ್ಟರಲ್ಲೂ ಪಾಠ ಎಷ್ಟು ಗಂಟೆ, ವಾರ್ಡ್ ಎಷ್ಟು ಗಂಟೆ ಎಂದು ಇಲ್ಲಿನವರು ಬಿಡಿಸಿ ಕೇಳುತ್ತಾರೆ. ಆ ದಾಖಲೆಗಳನ್ನು ಓದುವಾಗಲೇ ಜೋಪಾನ ಮಾಡಿಟ್ಟುಕೊಳ್ಳಿ.

ಚಾಂಪಿಯನ್ ರೀಫ್ಸ್ (ಕೆಜಿಎಫ್)

ತಾಯಿ, ನಾನು ನರ್ಸ್ ಅಲ್ಲ. ನರ್ಸ್ ಒಬ್ಬಳ ತಂದೆ. ನೀವು ಎಚ್‌ಎಂಟಿ ಎಂದು ಬರೆದದ್ದನ್ನು ಓದಿ ಸುಮ್ಮನಿರಲು ಆಗಲಿಲ್ಲ.

ನಾನು ಚಿನ್ನದ ಗಣಿಯಲ್ಲಿದ್ದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಗ ನನಗೆ 41. ಮಾರನೆಯ ತಿಂಗಳಿನಿಂದ ಮಾರಿಕುಪ್ಪಂನಲ್ಲಿ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಕಾವಲು ಕೆಲಸ ಮಾಡಿದೆ. 17 ವರ್ಷ ಹಾಗೆಯೇ ಓಡಾಡಿದೆ. ಆ ಕೆಲಸವನ್ನು ನಾನು ಕೇಳಿಕೊಂಡಿರಲಿಲ್ಲ, ತಲೆಯ ಮೇಲೆ ಬಂದು ಬಿತ್ತು. ಹಾಗಾಗಿ ಮಗಳು 27ನೇ ವಯಸ್ಸಿನಲ್ಲಿ ಬ್ಯಾಂಕಿನ ಗುತ್ತಿಗೆ ಕೆಲಸ ಬಿಟ್ಟು ನರ್ಸಿಂಗ್ ಓದುತ್ತೇನೆ ಎಂದಾಗ ನಾನು ಮೂರು ದಿನ ಅವಳ ಜತೆ ಮಾತನಾಡಲಿಲ್ಲ. ಇರುವ ಕೆಲಸವನ್ನು ಕೈಯಾರೆ ಬಿಡುತ್ತಾಳಲ್ಲ ಎಂದು ಎದೆ ಹೊಡೆದುಕೊಂಡಿತು. ಕೋಪ ಎಂದು ಅವಳು ತಿಳಿದಳು. ಅದು ಭಯ.

ನಾಲ್ಕನೇ ದಿನ ಅವಳು ಒಂದು ಕಾಗದ ತಂದು ಮುಂದಿಟ್ಟಳು. ಮೂರು ವರ್ಷಕ್ಕೆ ಶುಲ್ಕ ಎಷ್ಟು, ಹಾಸ್ಟೆಲ್ ಎಷ್ಟು, ಅವಳ ಬಳಿ ಇರುವುದೆಷ್ಟು, ಬ್ಯಾಂಕ್ ಸಾಲ ಎಷ್ಟು, ಕೊನೆಗೆ "ಅಪ್ಪನಿಂದ ಬೇಕಾದದ್ದು: ಸೊನ್ನೆ" ಎಂದು ಬರೆದಿದ್ದಳು. ಆ ಸೊನ್ನೆಯನ್ನು ನೋಡಿ ನನ್ನ ಕಣ್ಣು ತುಂಬಿತು. ಸೊನ್ನೆ ಹೊಡೆದು ಹಾಕಿ ನನ್ನ ಕೈಲಾದದ್ದನ್ನು ಬರೆದೆ.

ನಿಮ್ಮ ತಂದೆಗೆ ಆಸೆಯ ವಿಷಯ ಹೇಳುವ ಮೊದಲು ಲೆಕ್ಕ ತೋರಿಸಿ ತಾಯಿ. ಕಾರ್ಖಾನೆ ಮುಚ್ಚಿದ್ದನ್ನು ನೋಡಿದವರಿಗೆ ಲೆಕ್ಕ ಕಂಡರೆ ಧೈರ್ಯ ಬರುತ್ತದೆ.

ಬೋಧಕಿ (ಕೋಲಾರ)

ಹತ್ತು ವರ್ಷದಿಂದ ಜಿಎನ್ಎಂ ವಿದ್ಯಾರ್ಥಿಗಳಿಗೆ ಶುಶ್ರೂಷೆಯ ಮೂಲಪಾಠ ಹೇಳುತ್ತಿದ್ದೇನೆ. ಬಿಲ್ಲಿಂಗ್ ಕೌಂಟರ್ ಅವರೇ, ಆ ಸಿಸ್ಟರ್ ಎಣಿಸುತ್ತಿದ್ದದ್ದು ಏನೆಂದು ನಿಮಗೆ ಇಂದೇ ಹೇಳಿಬಿಡುತ್ತೇನೆ, ನೀವು ಲೆಕ್ಕದವರು.

500 ಮಿಲಿ ಬಾಟಲಿ ನಾಲ್ಕು ಗಂಟೆಯಲ್ಲಿ ಹೋಗಬೇಕು ಎಂದು ಡಾಕ್ಟರ್ ಬರೆದಿದ್ದಾರೆ ಎನ್ನೋಣ. ಡ್ರಿಪ್ ಕೊಳವೆಯ ಸೆಟ್ಟಿನ ಪೊಟ್ಟಣದ ಮೇಲೆ ಒಂದು ಮಿಲಿಗೆ 20 ಹನಿ ಎಂದು ಅಚ್ಚಾಗಿದೆ. 500ನ್ನು 20ರಿಂದ ಗುಣಿಸಿದರೆ 10,000 ಹನಿ. ನಾಲ್ಕು ಗಂಟೆಗೆ 240 ನಿಮಿಷ. ಭಾಗಿಸಿ: ನಿಮಿಷಕ್ಕೆ ಸುಮಾರು 42 ಹನಿ. ಮಕ್ಕಳಿಗೆ ಬಳಸುವ ಸಣ್ಣ ಹನಿಯ ಸೆಟ್ ಆದರೆ ಮಿಲಿಗೆ 60. ಅದೇ ಲೆಕ್ಕ, ಬೇರೆ ಉತ್ತರ. ಹೃದಯ ದುರ್ಬಲವಾಗಿರುವ ಅಜ್ಜಿಗೆ 42ರ ಬದಲು 80 ಹನಿ ಓಡಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ನೀವು ಕರೆದಾಗ ಅವರು ತಿರುಗದಿದ್ದದ್ದಕ್ಕೆ ಕಾರಣ ಅದು.

ಬಣ್ಣದ ಪ್ರಶ್ನೆಗೂ ಉತ್ತರ: ಹಳದಿ 24 ಗೇಜ್, ತೀರ ಸಣ್ಣದು, ಕೂಸುಗಳಿಗೆ ಮತ್ತು ನರ ಸಿಗದವರಿಗೆ. ನೀಲಿ 22, ಗುಲಾಬಿ 20. ಹಸಿರು 18, ರಕ್ತ ಕೊಡುವಾಗ, ಅಪಘಾತದಲ್ಲಿ, ಬೇಗ ದ್ರವ ಒಳಗೆ ಹೋಗಬೇಕಾದಾಗ. ಅಂಕಿ ಕಡಿಮೆಯಾದಷ್ಟೂ ಸೂಜಿ ದಪ್ಪ.

ಕಾಲೇಜು ಆರಿಸುವಾಗ ರಾಜ್ಯ ಪರಿಷತ್ತಿನ ಮಾನ್ಯತೆ ಆ ವರ್ಷಕ್ಕೆ ಇದೆಯೇ ಎಂದು ನೀವೇ ಪರಿಶೀಲಿಸಿ, ಫಲಕ ನೋಡಿ ನಂಬಬೇಡಿ. ಆಮೇಲೆ ಆಸ್ಪತ್ರೆಗೆ ಹೋಗಿ ನೋಡಿ. ಎಷ್ಟು ಹಾಸಿಗೆಗಳಿವೆ ಎಂದು ಕೇಳಿದರೆ ಸಾಲದು, ಎಷ್ಟರಲ್ಲಿ ರೋಗಿಗಳಿದ್ದಾರೆ ಎಂದು ನಿಂತು ಎಣಿಸಿ. ತಿಂಗಳಿಗೆ ಎಷ್ಟು ಹೆರಿಗೆ ಆಗುತ್ತದೆ ಎಂದು ಆಯಾ ಒಬ್ಬರನ್ನು ಕೇಳಿ, ನಿಜ ತಿಳಿಯುತ್ತದೆ. "ತರಗತಿಗೆ ಬರುವುದು ಬೇಡ, ಪರೀಕ್ಷೆಗೆ ಬಂದರೆ ಸಾಕು" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಪರೀಕ್ಷೆಗೆ ಕೂರಲು ಶೇ. 80 ಹಾಜರಾತಿ ಬೇಕೆಂದು ನಿಯಮವಿದೆ. ಡಿಪ್ಲೊಮಾ ಕೈಗೆ ಬರುವ ಮೊದಲು ಪ್ರಾಯೋಗಿಕ ತರಬೇತಿ ನೂರಕ್ಕೆ ನೂರು ಮುಗಿದಿರಬೇಕು. ಇದನ್ನು ಸುಳ್ಳು ಸಹಿಯಲ್ಲಿ ಮುಗಿಸಿ ಬಂದವರ ಕೈಗೆ ಒಂದು ಜೀವವನ್ನು ಒಪ್ಪಿಸುವುದನ್ನು ನೆನೆದರೆ ನನಗೆ ಮೈ ನಡುಗುತ್ತದೆ.

ದೊಡ್ಡ ವಯಸ್ಸಿನ ವಿದ್ಯಾರ್ಥಿಗಳ ಬಗ್ಗೆ ನಾನು ಕಂಡದ್ದನ್ನು ಹೇಳಬೇಕೆಂದರೆ, ಅವರಿಗೆ ಮೊದಲ ವರ್ಷದ ಅಂಗರಚನೆ ಕಷ್ಟವಾಗುತ್ತದೆ, ನೆನಪಿನ ಶಕ್ತಿ ಹುಡುಗರಷ್ಟು ಚುರುಕಾಗಿರುವುದಿಲ್ಲ. ಮನಃಶಾಸ್ತ್ರ, ಸಮಾಜಶಾಸ್ತ್ರ ಸುಲಭ. ವಾರ್ಡಿಗೆ ಇಳಿದ ಮೇಲೆ ಅವರೇ ಮುಂದೆ. ರೋಗಿಯ ಮನೆಯವರು ಕೂಗಾಡಿದಾಗ 18ರ ಹುಡುಗಿ ಅಳುತ್ತಾಳೆ. 30 ದಾಟಿದವರು ಕುರ್ಚಿ ಎಳೆದು ಕೊಟ್ಟು, ಕೂರಿಸಿ, ಕೇಳಿಸಿಕೊಳ್ಳುತ್ತಾರೆ.

ಗುಬ್ಬಿ ತಾಲ್ಲೂಕಿನವಳು

ಎಲ್ಲರೂ 'ಸೇರಿಕೊಳ್ಳಿ' ಎನ್ನುತ್ತಿದ್ದೀರಿ. ಬಿಟ್ಟು ಬಂದವಳ ಮಾತೂ ಇರಲಿ. ನಾನು ಬಿ.ಎ. ನಂತರ ಜಿಎನ್ಎಂ ಸೇರಿ ಎಂಟು ತಿಂಗಳಿಗೆ ಬಿಟ್ಟೆ. ರಕ್ತ, ಮಲಮೂತ್ರ ಯಾವುದೂ ನನಗೆ ತೊಂದರೆ ಕೊಡಲಿಲ್ಲ. ತೊಂದರೆ ಕೊಟ್ಟದ್ದು ನಿದ್ದೆ. ನನಗೆ ಮೂರ್ಛೆ ರೋಗದ ಹಿನ್ನೆಲೆ ಇದೆ, ನಿದ್ದೆಗೆಟ್ಟರೆ ಮರುಕಳಿಸುತ್ತದೆ. ರಾತ್ರಿ ಪಾಳಿ ಬೇಡವೇ ಬೇಡ ಎಂದು ವೈದ್ಯರು ಹೇಳಿದರು. ಸೇರುವ ಮೊದಲೇ ನಾನು ಅವರನ್ನು ಕೇಳಬೇಕಿತ್ತು, ಕೇಳಲಿಲ್ಲ. ಕಟ್ಟಿದ ಶುಲ್ಕ ಹೋಯಿತು.

ಆಮೇಲೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮಾಡಿದೆ. ಈಗ ಎಚ್‌ಐವಿ ಪರೀಕ್ಷೆಗೆ ಬರುವವರಿಗೆ ಆಪ್ತಸಮಾಲೋಚಕಿಯಾಗಿದ್ದೇನೆ. ಫಲಿತಾಂಶದ ಕಾಗದ ಕೈಯಲ್ಲಿ ಹಿಡಿದು ಒಬ್ಬ ಮನುಷ್ಯನ ಎದುರು ಕೂರುವುದೂ ಶುಶ್ರೂಷೆಯೇ ಎಂದು ನಾನು ನಂಬಿದ್ದೇನೆ. ನಿಮಗೆ ರೋಗಿಯ ಹತ್ತಿರ ಇರಬೇಕೆಂಬುದೇ ಮುಖ್ಯವಾದರೆ ಇಂಥ ದಾರಿಗಳಲ್ಲಿ ನಿಮ್ಮ ಪದವಿಗೆ ಬೆಲೆ ಸಿಗುತ್ತದೆ. ಕ್ಯಾನುಲಾ ಹಾಕುವ ಕೈ ನನ್ನದೇ ಆಗಬೇಕು ಎನಿಸಿದರೆ ಮಾತ್ರ ಜಿಎನ್ಎಂ. ಇದನ್ನು ನಿಮ್ಮನ್ನು ನೀವೇ ಕೇಳಿಕೊಳ್ಳಿ.

ಬಿಲ್ಲಿಂಗ್ ಕೌಂಟರ್ (ತುಮಕೂರು)

ಇಷ್ಟು ಪ್ರೀತಿಯಿಂದ ಬರೆದಿರುವ ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ ತಿಳಿಯುತ್ತಿಲ್ಲ. ಗುಬ್ಬಿಯ ಅಕ್ಕ ಕೇಳಿದ ಪ್ರಶ್ನೆಯನ್ನು ಒಂದು ವಾರ ಜತೆಯಲ್ಲಿಟ್ಟುಕೊಂಡು ತಿರುಗಿದೆ. ಕೈ ನನ್ನದೇ ಆಗಬೇಕು. ಅದರಲ್ಲಿ ಅನುಮಾನವಿಲ್ಲ.

ಲೆಕ್ಕ ಬರೆಯಲು ಕುಳಿತಿದ್ದೇನೆ. ಮುಗಿದ ಮೇಲಿನ ಸಂಬಳದ ಸಾಲು ಖಾಲಿ ಉಳಿದಿದೆ. ನಿಜವನ್ನು ಹೇಳಿ.

ರಾತ್ರಿಪಾಳಿ (ಕೋಲಾರ)

ನಿಜ ಹೇಳಿದರೆ, ನಮ್ಮ ಜಿಲ್ಲೆಗಳ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಮೊದಲ ವರ್ಷ ನಿಮಗೆ ಈಗ ಬರುವ 19,000ಕ್ಕಿಂತ ಕಡಿಮೆಯೂ ಬರಬಹುದು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ, ಆದರೆ ಮುಚ್ಚಿಡುವುದಿಲ್ಲ. ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾದ ತಜ್ಞರ ಸಮಿತಿ 2016ರಲ್ಲೇ ಹೇಳಿದೆ: 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆ ರಾಜ್ಯ ಸರ್ಕಾರದ ನರ್ಸ್‌ಗೆ ಸಮನಾದ ವೇತನ ಕೊಡಬೇಕು, 100 ದಾಟಿದ್ದರೆ ಅದಕ್ಕಿಂತ ಶೇ. 10ಕ್ಕಿಂತ ಹೆಚ್ಚು ಕಡಿಮೆ ಮಾಡಬಾರದು, 50ರಿಂದ 100ರವರೆಗೆ ಶೇ. 25ಕ್ಕಿಂತ ಹೆಚ್ಚು ಕಡಿಮೆ ಮಾಡಬಾರದು, 50ಕ್ಕೂ ಕಡಿಮೆ ಹಾಸಿಗೆಯಿದ್ದರೂ 20,000ಕ್ಕಿಂತ ಇಳಿಸಬಾರದು. ಹೇಳಿದ್ದು ಶಿಫಾರಸು. ಜಾರಿ ಮಾಡುವುದು ರಾಜ್ಯಗಳಿಗೆ ಬಿಟ್ಟದ್ದು. ಸಂದರ್ಶನಕ್ಕೆ ಹೋಗುವಾಗ ಈ ಅಂಕಿಗಳು ನಿಮ್ಮ ನಾಲಿಗೆಯ ಮೇಲಿರಲಿ.

ಮೂಲ ಅಂಕಪಟ್ಟಿಗಳನ್ನು ಆಸ್ಪತ್ರೆಗೆ ಕೊಡಬೇಡಿ. "ಎರಡು ವರ್ಷದ ಬಾಂಡ್" ಎಂದು ಕಾಗದಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವ ಕೆಟ್ಟ ಪದ್ಧತಿಯಲ್ಲಿ ನಾನೇ ಒಂದೂವರೆ ವರ್ಷ ಸಿಕ್ಕಿಬಿದ್ದಿದ್ದೆ. ನಕಲು ಪ್ರತಿ ಕೊಟ್ಟು, ಮೂಲ ತೋರಿಸಿ ವಾಪಸ್ ತನ್ನಿ.

ಸರ್ಕಾರಿ ಹುದ್ದೆಯ ವಯಸ್ಸನ್ನೂ ನೋಡಿಕೊಳ್ಳಿ. ಈ ವರ್ಷ ಸೇರಿದರೆ ಮುಗಿಯುವಾಗ ನಿಮಗೆ 32. ರಾಜ್ಯದ ನೇಮಕಾತಿಯಲ್ಲಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೆ ಮತ್ತು ಪ್ರವರ್ಗ 1ಕ್ಕೆ 40ರವರೆಗೆ ಅವಕಾಶ ಎಂಬುದು ವಾಡಿಕೆಯ ಮಿತಿ. ಏಮ್ಸ್‌ನ ನರ್ಸ್ ನೇಮಕಾತಿ ಪರೀಕ್ಷೆಯ ಕನಸು ಮಾತ್ರ ಬೇಡ. ಅಲ್ಲಿ ಸಾಮಾನ್ಯ ಮಿತಿ 30, ಜಿಎನ್ಎಂ ಮಾಡಿದವರಿಗೆ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವವೂ ಬೇಕು.

ಹಿಪ್ಪುನೇರಳೆ (ಶಿಡ್ಲಘಟ್ಟ)

ಉಳಿತಾಯವನ್ನು ಮೊದಲ ವರ್ಷವೇ ಖಾಲಿ ಮಾಡಬೇಡಿ. ನಾನು ಆ ತಪ್ಪು ಮಾಡಿ ಮೂರನೇ ವರ್ಷದ ಪರೀಕ್ಷಾ ಶುಲ್ಕಕ್ಕೆ ಅಮ್ಮನ ಗೂಡಿನ ಹಣಕ್ಕೆ ಕೈ ಚಾಚಿದೆ. ಮಾನ್ಯತೆ ಇರುವ ಕೋರ್ಸಿಗೆ ಬ್ಯಾಂಕಿನ ಶಿಕ್ಷಣ ಸಾಲ ಸಿಗುತ್ತದೆ, ಏಳೂವರೆ ಲಕ್ಷದವರೆಗೆ ಆಸ್ತಿಯ ಅಡಮಾನ ಕೇಳದ ಯೋಜನೆ ಇದೆ. ಮೊದಲೇ ವಿಚಾರಿಸಿ.

ಬಿಲ್ಲಿಂಗ್ ಕೌಂಟರ್ (ತುಮಕೂರು)

ನಿನ್ನೆ ಅಂಗಡಿ ಮುಚ್ಚಿದ ಮೇಲೆ ಅಪ್ಪನ ಮುಂದೆ ಕಾಗದ ಇಟ್ಟೆ. ಸಂಬಳದ ಸಾಲಿನಲ್ಲಿ ಮೊದಲ ವರ್ಷ 15,000 ಎಂದೇ ಬರೆದಿದ್ದೆ, ಹೆಚ್ಚು ಬರೆಯಲು ಮನಸ್ಸು ಬರಲಿಲ್ಲ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಇದು ಮುಚ್ಚುವ ಕೆಲಸವೇ?" ಎಂದು ಕೇಳಿದರು. ಆಸ್ಪತ್ರೆ ಮುಚ್ಚಬಹುದು ಅಪ್ಪಾ, ನೋಂದಣಿ ನನ್ನ ಹೆಸರಿನಲ್ಲಿರುತ್ತದೆ ಎಂದೆ. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ತಮ್ಮನ ಕೊನೆಯ ವರ್ಷದ ಶುಲ್ಕವನ್ನು ನನ್ನ ಕಾಗದದಿಂದ ಹೊಡೆದು ಹಾಕಿ, ಅದನ್ನು ಅಂಗಡಿಯ ಲೆಕ್ಕಕ್ಕೆ ಬರೆದುಕೊಂಡರು.

ಬರುವ ವಾರ ಎರಡು ಕಾಲೇಜು ನೋಡಲು ಹೋಗುತ್ತಿದ್ದೇನೆ. ಹಾಸಿಗೆ ಎಣಿಸಿಕೊಂಡು ಬರುತ್ತೇನೆ, ಆಯಾಳನ್ನೂ ಕೇಳುತ್ತೇನೆ. ಬೇರೆ ಏನಾದರೂ ಈಗಲೇ ಸಿದ್ಧ ಮಾಡಿಕೊಳ್ಳಬೇಕೇ?

ಬೋಧಕಿ (ಕೋಲಾರ)

ಸೆಕೆಂಡಿನ ಮುಳ್ಳು ಇರುವ ಗಡಿಯಾರ ಒಂದು. ನಾಡಿ, ಉಸಿರು, ಹನಿ ಎಲ್ಲಕ್ಕೂ ಅದೇ ಬೇಕು. ಅಂಕಿ ತೋರಿಸುವ ಡಿಜಿಟಲ್ ಬೇಡ, ಮುಳ್ಳು ಸುತ್ತುವುದನ್ನು ಓರೆಗಣ್ಣಿನಲ್ಲೇ ನೋಡಿಕೊಂಡು ಎಣಿಸಬಹುದು. ಮಣಿಕಟ್ಟಿಗೆ ಕಟ್ಟಿದರೆ ಕೈ ಸರಿಯಾಗಿ ತೊಳೆಯಲಾಗುವುದಿಲ್ಲ, ಎದೆಯ ಹತ್ತಿರ ಪಿನ್ನು ಮಾಡಿಕೊಳ್ಳುವುದನ್ನು ಕಲಿಯಿರಿ.

ಬಿಲ್ಲಿಂಗ್ ಕೌಂಟರ್ (ತುಮಕೂರು)

ಮೇಡಂ, ಇದನ್ನು ಅಪ್ಪನಿಗೆ ಓದಿ ಹೇಳಿದೆ. ಒಳಗೆ ಹೋಗಿ ಕಬ್ಬಿಣದ ಪೆಟ್ಟಿಗೆಯಿಂದ ಹಳೆಯ ಎಚ್‌ಎಂಟಿ ತಂದರು, ಕೀಲಿ ಕೊಡುವಂಥದ್ದು, ಅವರ ವಿಭಾಗದಲ್ಲೇ ಜೋಡಿಸಿದ್ದಂತೆ. ಪಟ್ಟಿ ಬಿಚ್ಚಿ, ಹಿಂದಿನ ಮುಚ್ಚಳ ತೆಗೆದು, ಅಮ್ಮನ ಹೊಲಿಗೆ ಯಂತ್ರದ ದೀಪದ ಕೆಳಗೆ ಒಂದು ಗಂಟೆ ಕುಳಿತಿದ್ದರು. ಈಗ ಓಡುತ್ತಿದೆ. ದಿನಕ್ಕೆ ಎಷ್ಟು ಸೆಕೆಂಡ್ ಹಿಂದೆ ಬೀಳುತ್ತದೆ ಎಂದು ಆಕಾಶವಾಣಿಯ ಸಮಯಕ್ಕೆ ಹಿಡಿದು ನೋಡಿ ಸರಿಮಾಡಿಕೊಡುತ್ತೇನೆ, ನಾಲ್ಕು ದಿನ ತನ್ನ ಬಳಿಯೇ ಇರಲಿ ಎಂದಿದ್ದಾರೆ.